ರಜೆಯಲ್ಲಿ ಯಾವ ಪುಸ್ತಕ ಓದೋಣ?

"ಬೇಸಿಗೆ ರಜೆ ಮಕ್ಕಳಿಗೆ. ನಮಗೆಲ್ಲಿ ರಜೆ?" ಅನ್ನುವ ಅಕ್ಕತಂಗಿಯರೇ ಹೆಚ್ಚು. ಮಾತು ನಿಜ. ಒಲೆಗೆ ರಜೆ ಇಲ್ಲ. ದನಕರುಗಳಿಗೆ ರಜೆ ಇಲ್ಲ. ಬೇಸಿಗೆ ಬಂತೆಂದರೆ ಹಪ್ಪಳ, ಸಂಡಿಗೆ ಕೆಲಸ ಬೇರೆ. ಆದರೂ ಸಂಡಿಗೆ ಒಣಗುವ ತನಕ ಕಾಗೆ ಕಾಯುತ್ತಾ ಕೂರುತ್ತೇವಲ್ಲ? ಆ ಅರ್ಧ ಗಂಟೆ ನಮ್ಮದು. ಆಗ ಕೈಯಲ್ಲಿ ಒಂದು ಪುಸ್ತಕ ಇರಲಿ.

ಯಾಕೆ ಓದಬೇಕು? ಮೂಲೆಯಲ್ಲಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಅಕ್ಷರವೂ ಹಾಗೇ. ಬಳಸದಿದ್ದರೆ ಮರೆತುಹೋಗುತ್ತದೆ. ಕಷ್ಟಪಟ್ಟು ಸಹಿ ಕಲಿತವರು ಮತ್ತೆ ಹೆಬ್ಬೆಟ್ಟು ಒತ್ತುವಂತೆ ಆಗಬಾರದು.

ಪುಸ್ತಕ ಎಲ್ಲಿ ಸಿಗುತ್ತೆ?

ನಿಮ್ಮ ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದನ್ನು 'ಅರಿವು ಕೇಂದ್ರ' ಅಂತಲೂ ಕರೆಯುತ್ತಾರೆ. ಒಳಗೆ ಹೋಗಲು ಸಂಕೋಚ ಬೇಡ. ಅದು ಗಂಡಸರು ಪೇಪರ್ ಓದಲು ಮಾತ್ರ ಇರುವ ಜಾಗ ಅಲ್ಲ. ಅದು ನಿಮ್ಮದೂ ಹೌದು. ಒಬ್ಬರೇ ಹೋಗಲು ನಾಚಿಕೆಯಾದರೆ ಸಂಘದ ನಾಲ್ಕು ಜನ ಜೊತೆಯಾಗಿ ಹೋಗಿ. ಪುಸ್ತಕ ಮನೆಗೆ ತರುವುದು ಹೇಗೆ ಅಂತ ಅಲ್ಲಿರುವವರನ್ನು ಕೇಳಿ.

"ಹೊಸದಾಗಿ ಓದು ಕಲಿತವರ ಪುಸ್ತಕ ಕೊಡಿ" ಅಂತಲೇ ಕೇಳಬಹುದು. ನ್ಯಾಷನಲ್ ಬುಕ್ ಟ್ರಸ್ಟ್‌ನವರು ಇಂಥ ಚಿಕ್ಕ ಪುಸ್ತಕಗಳನ್ನು ಕನ್ನಡದಲ್ಲಿ ತಂದಿದ್ದಾರೆ.

ಪುಸ್ತಕ ಆರಿಸೋದು ಹೇಗೆ?

ಸೀರೆ ಕೊಳ್ಳುವಾಗ ಏನು ಮಾಡುತ್ತೇವೆ? ಬಿಚ್ಚಿ ನೋಡುತ್ತೇವೆ. ಸೆರಗು ನೋಡುತ್ತೇವೆ. ಬಟ್ಟೆ ಮುಟ್ಟಿ ನೋಡುತ್ತೇವೆ. ಹಿಡಿಸದಿದ್ದರೆ ಇನ್ನೊಂದು ತೋರಿಸಿ ಅನ್ನುತ್ತೇವೆ. ಪುಸ್ತಕವನ್ನೂ ಹಾಗೇ ಆರಿಸಬೇಕು.

ಮೊದಲು ಅಕ್ಷರ ನೋಡಿ. ಕಣ್ಣಿಗೆ ಶ್ರಮವಾಗುವಷ್ಟು ಸಣ್ಣ ಅಕ್ಷರ ಬೇಡ. ಆಮೇಲೆ ಪುಸ್ತಕದ ನಡುವಿನ ಒಂದು ಪುಟ ತೆಗೆಯಿರಿ. ಮೆಲ್ಲಗೆ ಓದಿ. ಓದಲು ಬಾರದ, ಅರ್ಥವಾಗದ ಒಂದೊಂದು ಮಾತಿಗೆ ಒಂದೊಂದು ಬೆರಳು ಮಡಿಸಿ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಿಸಿದಿರಾ? ಆ ಪುಸ್ತಕ ಈಗ ಬೇಡ. ಮುಂದಿನ ವರ್ಷ ಓದಬಹುದು. ಎರಡು ಮೂರು ಬೆರಳು ಮಡಿಸಿದಿರಾ? ಅದೇ ಸರಿಯಾದ ಪುಸ್ತಕ. ಓದೋಕೂ ಆಗುತ್ತೆ, ಹೊಸ ಮಾತೂ ಕಲಿಯಬಹುದು.

ತುಂಬಾ ಜನ ಇಲ್ಲೇ ಸೋಲುತ್ತಾರೆ. ಮೊದಲೇ ದಪ್ಪ ಪುಸ್ತಕ ಹಿಡಿಯುತ್ತಾರೆ. ನಾಲ್ಕು ಪುಟಕ್ಕೆ ಸಾಕಾಗಿ "ಓದು ನನಗಲ್ಲ" ಅಂತ ಬಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ. ಆರಿಸಿದ ಪುಸ್ತಕ ಸರಿಯಿರಲಿಲ್ಲ, ಅಷ್ಟೆ.

ಕೆಲವು ಪುಸ್ತಕಗಳು

ಮಕ್ಕಳ ಜೊತೆ ಕೂತು ಓದಲು 'ದಿನಕ್ಕೊಂದು ಕಥೆ' ಇದೆ. ಬರೆದವರು ಅನುಪಮಾ ನಿರಂಜನ. ಅವರು ಡಾಕ್ಟರೂ ಹೌದು. ಹೆಸರೇ ಹೇಳುವ ಹಾಗೆ, ದಿನಕ್ಕೆ ಒಂದು ಕಥೆ ಓದಿದರೆ ಸಾಕು. ಒಂದು ದಿನ ನೀವು ಓದಿ, ಮಕ್ಕಳು ಕೇಳಲಿ. ಮರುದಿನ ಮಕ್ಕಳು ಓದಲಿ, ನೀವು ಕೇಳಿ. ತಡವರಿಸಿದರೆ ಮಕ್ಕಳು ಹೇಳಿಕೊಡುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ.

ಕಾಡು, ಪ್ರಾಣಿ, ಹಕ್ಕಿ ಇಷ್ಟವಾ? ಪೂರ್ಣಚಂದ್ರ ತೇಜಸ್ವಿ ಅವರ 'ಪರಿಸರದ ಕತೆ' ನೋಡಿ. 1991ರಲ್ಲಿ ಬಂದ ಪುಸ್ತಕ. ಮಲೆನಾಡಿನ ಜನ, ಕಾಡು, ಅವರ ನಾಯಿ 'ಕಿವಿ' ಎಲ್ಲ ಅದರಲ್ಲಿ ಬರುತ್ತಾರೆ. ಪಕ್ಕದಲ್ಲಿ ಕೂತು ಮಾತಾಡಿದ ಹಾಗಿದೆ. ಓದುತ್ತಾ ಓದುತ್ತಾ ನಗು ಬರುತ್ತೆ.

ಹೆಣ್ಣಿನ ಬಾಳಿನ ಕಥೆ ಬೇಕಾ? ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಇದೆ. ಇದು 1976ರ ಕಾದಂಬರಿ. ಮದುವೆ ಅಂದರೇನು ಅಂತ ತಿಳಿಯುವ ಮೊದಲೇ ವಿಧವೆಯಾದ ಹುಡುಗಿಯ ಕಥೆ. ನಿಜವಾಗಿ ಬಾಳಿದ ಒಬ್ಬ ಹೆಂಗಸಿನ ಬದುಕು ನೋಡಿ ಬರೆದದ್ದು. ತಾನು ಪಟ್ಟ ಕಷ್ಟ ಇನ್ನೊಬ್ಬಳಿಗೆ ಬೇಡ ಅನ್ನುತ್ತಾಳೆ ಫಣಿಯಮ್ಮ. ಇಂದಿರಾ ಅವರಿಗೂ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿತ್ತು. ಅವರು ಕಾದಂಬರಿ ಬರೆಯಲು ತೊಡಗಿದಾಗ ವಯಸ್ಸು 40 ದಾಟಿತ್ತು. "ಈ ವಯಸ್ಸಲ್ಲಿ ಓದು ಯಾಕೆ?" ಅಂತ ಯಾರಾದರೂ ಕೇಳಿದರೆ ಈ ಮಾತು ಹೇಳಿ. ಈ ಪುಸ್ತಕ ಸ್ವಲ್ಪ ಕಷ್ಟ. ಚೆನ್ನಾಗಿ ಓದಬಲ್ಲ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ.

ಒಂದು ಲೆಕ್ಕ

ರಜೆಯಲ್ಲಿ ನಿಮಗೆ 40 ದಿನ ಸಿಕ್ಕಿತು ಅಂತ ಇಟ್ಟುಕೊಳ್ಳಿ. ದಿನಕ್ಕೆ ಎರಡೇ ಪುಟ ಓದಿ. ಶಾಲೆ ಶುರುವಾಗುವ ಹೊತ್ತಿಗೆ 80 ಪುಟ ಆಗುತ್ತೆ. ಅಂದರೆ ಒಂದೆರಡು ಚಿಕ್ಕ ಪುಸ್ತಕ ಮುಗಿಸಿರುತ್ತೀರಿ. ಒಂದು ಮುಗಿಸಿದ ಧೈರ್ಯವೇ ಇನ್ನೊಂದನ್ನು ಓದಿಸುತ್ತೆ.

ನೆನಪಿಡಿ

• ನಿಮಗೆ ಇಷ್ಟವಾದದ್ದನ್ನು ಓದಿ. ಅಡುಗೆ, ಕಥೆ, ಹಾಡು, ದೇವರ ಪುಸ್ತಕ, ಯಾವುದಾದರೂ ಸರಿ.
• ಪುಸ್ತಕ ಹಿಡಿಸದಿದ್ದರೆ ವಾಪಸ್ ಕೊಡಿ. ಬೇರೆ ತನ್ನಿ.
• ಗೊತ್ತಾಗದ ಮಾತಿಗೆ ಪೆನ್ಸಿಲ್‌ನಿಂದ ಗೆರೆ ಹಾಕಬೇಡಿ. ನಿಮ್ಮ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಗ್ರಂಥಾಲಯದ ಪುಸ್ತಕವನ್ನು ಇನ್ನೊಬ್ಬ ಅಕ್ಕ ಓದಬೇಕು.

ನೀವೇ ಮಾಡಿ

ಓದಿದ ಪುಸ್ತಕದ ಹೆಸರು ಬರೆಯಿರಿ. ಬರೆದವರ ಹೆಸರು ಬರೆಯಿರಿ. ನಿಮಗೆ ಏನು ಹಿಡಿಸಿತು ಅಂತ ಎರಡು ಸಾಲು ಬರೆಯಿರಿ. ಸಂಘದ ಸಭೆಯಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿ.