ದುಡಿಮೆಯ ಹಿಗ್ಗು

ದುಡಿಮೆಯಲ್ಲಿ ಹಿಗ್ಗು ಹುಟ್ಟಲು ಸಂಬಳವೊಂದೇ ಸಾಲದು. ಸಂಬಳವಿಲ್ಲದೆ ಆ ಹಿಗ್ಗು ಬಹುಕಾಲ ಬಾಳುವುದೂ ಇಲ್ಲ. ಮತ್ತೇನು ಬೇಕು ಎಂಬುದನ್ನು 1970ರ ದಶಕದಲ್ಲಿ ಅಮೆರಿಕದ ಸಂಶೋಧಕರಾದ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ ಐದು ಗುಣಗಳಲ್ಲಿ ಹೇಳಿದರು: ಬಗೆಬಗೆಯ ಕುಶಲತೆಗೆ ಅವಕಾಶ, ಮೊದಲಿನಿಂದ ಕೊನೆಯವರೆಗೆ ಕೆಲಸ ತನ್ನದೇ ಆಗಿರುವುದು, ಅದರಿಂದ ಇನ್ನೊಬ್ಬರಿಗೆ ಉಪಯೋಗ, ಸ್ವಂತ ತೀರ್ಮಾನಕ್ಕೆ ಎಡೆ, ಕಣ್ಣಿಗೆ ಕಾಣುವ ಫಲ. ಆಧುನಿಕ ಉದ್ಯೋಗಗಳನ್ನು ನೋಡಿ ಮಾಡಿದ ಪಟ್ಟಿ ಇದು. ಕಡೂರು, ತರೀಕೆರೆ, ಅಜ್ಜಂಪುರದ ಕಸುಬುಗಳ ಪಕ್ಕದಲ್ಲಿಟ್ಟರೆ ಕೆಲವು ಕಡೆ ಅಳತೆಗೆ ಸರಿಯಾಗಿ ಕೂರುತ್ತದೆ, ಕೆಲವು ಕಡೆ ಬಿಗಿಯಾಗುತ್ತದೆ.

ಪಟ್ಟಿ ಚೆನ್ನಾಗಿ ಕೂರುವುದು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಇಲ್ಲಿ ಕಟ್ಟಿಸಿದ ಗುಡಿಯ ಹೊರಗೋಡೆಯಲ್ಲಿ ರಾಮಾಯಣಕ್ಕೆ 70, ಕೃಷ್ಣನ ಬಾಳಿಗೆ 25, ಮಹಾಭಾರತಕ್ಕೆ 45 ಫಲಕಗಳಿವೆ. ರಾಮಾಯಣದ ಕಥೆ ಮಾತ್ರ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುತ್ತದೆ. ರೂವಾರಿ ಮಲ್ಲಿತಮ್ಮ ಕಸುಬು ಶುರು ಮಾಡಿದ್ದು ಈ ಗುಡಿಯ ಮಂಟಪದ ಗುಮ್ಮಟದಂಥ ಛತ್ತುಗಳಲ್ಲಿ ಎನ್ನುತ್ತಾರೆ. ಆತನ ಹೆಸರು ಮುಂದೆ ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ಮತ್ತೆ ಸಿಗುತ್ತದೆ. ಕೆಲವೆಡೆ ಬರೀ 'ಮಲ್ಲಿ', ಕೆಲವೆಡೆ 'ಮ' ಎಂಬ ಒಂದೇ ಅಕ್ಷರ. ಎಲ್ಲ ಕಡೆಯೂ ಒಬ್ಬನೇ ಎಂದು ಒಪ್ಪಿದರೆ ಅರವತ್ತು ವರ್ಷ ಮೀರಿದ ಉಳಿಪೆಟ್ಟಿನ ಬಾಳು ಅದು.

ಹೆಸರು ಕೆತ್ತುವ ರೂಢಿ ಆತನೊಬ್ಬನದಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣ ವಿಗ್ರಹಗಳ ಪೀಠದಲ್ಲಿ ಊರನ್ನೂ ಬಿರುದನ್ನೂ ಸೇರಿಸಿ ಬರೆದುಕೊಂಡರು. ಗುರುತು ಕೂಲಿಯ ಲೆಕ್ಕಕ್ಕೂ ಬಂದಿರಬಹುದು. ಆದರೆ ಕೂಲಿಯ ಲೆಕ್ಕಕ್ಕೆ ಬಿರುದೇಕೆ? ಅಮೃತಾಪುರದ ಶಾಸನಕ್ಕೆ ಪದ್ಯ ಬರೆದವನೂ ಸಾಮಾನ್ಯನಲ್ಲ, ಕವಿಚಕ್ರವರ್ತಿ ಜನ್ನ. ಕಟ್ಟಿಸಿದವನು, ಕೆತ್ತಿದವನು, ಬರೆದವನು ಮೂವರ ಹೆಸರೂ ಒಂದೇ ಅಂಗಳದಲ್ಲಿ ಉಳಿದಿವೆ. ಕಲ್ಲು ಹೊತ್ತವರ ಹೆಸರಿಲ್ಲ.

ಅಜ್ಜಂಪುರದ ಮೇವಿನ ಕಾವಲಿನಲ್ಲಿ ಹೆಸರು ಕೆಲಸಗಾರನದಲ್ಲ, ದನದ ತಳಿಯದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಆಯಿತು. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆಬೇರೆ ಕಾವಲುಗಳಿದ್ದವು. ಯಾವ ಹಿಂಡು ಎಂದು ಹೊರಡಬೇಕು, ಯಾವ ಹುಲ್ಲು ಸಾಕಾಯಿತು, ಯಾವ ಹೋರಿ ಮೆತ್ತಗಾಗಿದೆ ಎಂಬುದೆಲ್ಲ ಹಿಂಡಿನ ಜೊತೆಗಿದ್ದವರಿಗೇ ಮೊದಲು ತಿಳಿಯುವ ಸಂಗತಿ. ಅಪರಿಚಿತರನ್ನು ಕೊಂಬಿನಿಂದಲೇ ಮಾತಾಡಿಸುವ ದನ ಇದು. ಒಗ್ಗಿದವರ ಹಿಂದೆ ಮಾತ್ರ ನಡೆಯುತ್ತದೆ. ಫಲ ಕಾಣಲು ವರ್ಷಗಳು ಬೇಕು, ಕಂಡಾಗ ಯಾರ ಕೈ ಪಳಗಿದೆ ಎಂಬುದು ಮುಚ್ಚಿಡಲಾಗದು. 1860ರಲ್ಲಿ ಖರ್ಚು ಉಳಿಸಲೆಂದು ಬ್ರಿಟಿಷ್ ಆಡಳಿತ ಹಿಂಡನ್ನು ಮಾರಿಬಿಟ್ಟಿತು. ಒಳ್ಳೆಯ ಎತ್ತುಗಳಿಗೆ ಬರ ಬಂದು 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರದು.

ಪಟ್ಟಿ ಬಿಗಿಯಾಗುವುದು ಅಡಿಕೆ ಸುಲಿಯುವಲ್ಲಿ. ಕೊಯ್ಲಿನ ತಿಂಗಳುಗಳಲ್ಲಿ ತರೀಕೆರೆ, ಕಡೂರು ಕಡೆಯ ಮನೆಗಳ ಅಂಗಳದಲ್ಲಿ ಹೆಂಗಸರು ಸಾಲಾಗಿ ಕತ್ತಿಯ ಮುಂದೆ ಕೂರುತ್ತಾರೆ. ಕೂಲಿ ಸುಲಿದಷ್ಟಕ್ಕೆ. ಇಲ್ಲಿ ವೈವಿಧ್ಯವಿಲ್ಲ, ತೀರ್ಮಾನಕ್ಕೆ ಎಡೆಯಿಲ್ಲ, ಕಾಯಿ ಇನ್ನೊಬ್ಬರ ತೋಟದ್ದು. ಆದರೂ ಕೆಲಸದಲ್ಲಿ ಹೊತ್ತು ಸರಿಯುತ್ತದೆ. ಶಸ್ತ್ರವೈದ್ಯರು, ಬಂಡೆ ಹತ್ತುವವರು, ಚದುರಂಗ ಆಡುವವರನ್ನು ಅಭ್ಯಾಸ ಮಾಡಿದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್, ಕೆಲಸದ ಕಷ್ಟವೂ ಕೈಯ ಪಳಗುವಿಕೆಯೂ ಸಮನಾದಾಗ ಮನುಷ್ಯ ಹೊತ್ತನ್ನೇ ಮರೆಯುತ್ತಾನೆ ಎಂದರು. ಸುಲಿಯುವ ಬೆರಳಿನ ವೇಗದಲ್ಲಿ ಆ ತಲ್ಲೀನತೆ ಒಂದಷ್ಟು ಇದೆ. ಉಳಿದದ್ದನ್ನು ಪಕ್ಕದಲ್ಲಿ ಕೂತವರ ಮಾತು, ನಗೆ, ಊರ ಸುದ್ದಿ ತುಂಬುತ್ತವೆ, ಇದಕ್ಕೆ ಹ್ಯಾಕ್‌ಮನ್ನರ ಪಟ್ಟಿಯಲ್ಲಿ ಜಾಗವಿಲ್ಲ. ಹಾಗೆಂದು ಬೆನ್ನುನೋವನ್ನೂ ಬೆರಳಿನ ಗಾಯವನ್ನೂ ನಗೆಯ ಲೆಕ್ಕದಲ್ಲಿ ವಜಾ ಮಾಡುವುದು ಕೂಲಿ ಕೊಡುವವರಿಗೆ ಮಾತ್ರ ಅನುಕೂಲದ ತತ್ತ್ವ.

ಸುಲಿಯುವ ಯಂತ್ರಗಳು ಬಂದ ಮೇಲೆ ಕೆಲವು ಅಂಗಳಗಳಲ್ಲಿ ಸಾಲು ಕರಗಿದೆ. ನೋವು ಹೋಯಿತು, ಕೂಲಿಯೂ ಮಾತೂ ಜೊತೆಗೇ ಹೋದವು. ಬೇಯಿಸುವ ಕೆಲಸದಲ್ಲಿ ಮಾತ್ರ ಇನ್ನೂ ಹದ ಗೊತ್ತಿದ್ದವರೇ ಬೇಕು. ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೆಂದ ಗಟ್ಟಿ ರಸ, ಎಷ್ಟಿರಬೇಕು, ಕಾಯಿ ಎಷ್ಟು ಬೆಂದರೆ ಸಾಕು ಎಂಬುದು ಗಡಿಯಾರಕ್ಕಿಂತ ಕಣ್ಣಿಗೇ ಚೆನ್ನಾಗಿ ಗೊತ್ತು. ಮಂಡಿಯಲ್ಲಿ ವ್ಯಾಪಾರಿ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು ನೋಡುವಾಗ ಬಣ್ಣ ಹೇಳುವುದು ಆ ಒಲೆಯ ಮುಂದೆ ನಿಂತವನ ಕೈಗುಣವನ್ನು. ಚೀಟಿಯಲ್ಲಿ ಬರೆಯುವ ಹೆಸರು ತೋಟದ ಯಜಮಾನನದು.