ಹಳೇ ಉಳಿಗೆ ಹೊಸ ಹರಿತ

ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿರೋ ಉಳಿಯನ್ನ ದಯವಿಟ್ಟು ಗುಜರಿಗೆ ಹಾಕಬೇಡಿ. ಮೇಲಿನ ತುಕ್ಕಿನಡಿ ಉಕ್ಕು ಬಹಳ ಸಲ ಗಟ್ಟಿಯಾಗೇ ಇರುತ್ತೆ.

ಮರದ ಹಿಡಿ ಬಿಚ್ಚಿ, ಲೋಹವನ್ನಷ್ಟೇ ಬಿಳಿ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಹಾಕಿ. ದಿನಗಟ್ಟಲೆ ಬಿಟ್ಟರೆ ಆಮ್ಲ ಉಕ್ಕನ್ನೇ ತಿನ್ನುತ್ತೆ. ಬೆಳಿಗ್ಗೆ ಪಾತ್ರೆ ಉಜ್ಜೋ ಸ್ಟೀಲ್ ನಾರಿನಿಂದ ತಿಕ್ಕಿ. ಕಪ್ಪು ರಾಡಿ ಇಳಿದು, ಬೂದು ಬಣ್ಣದ ಲೋಹ ಕಾಣುತ್ತೆ. ನೋಡಿ, ಎಷ್ಟು ಚೆಂದ!

ಅಡುಗೆ ಸೋಡಾ ನೀರಲ್ಲಿ ತೊಳೆದು ಕೂಡಲೇ ಒರೆಸಿ, ಒಣಗಿಸಿ. ತಡಮಾಡಿದ್ರೆ ಕಣ್ಣೆದುರೇ ಹೊಸ ತುಕ್ಕು ಕೂರುತ್ತೆ.

ಹರಿತ ಮಾಡೋಕೆ ಗ್ರೈಂಡರ್ ಬೇಡ. ಅಂಚು ಕಾದು ನೀಲಿಗೆ ತಿರುಗಿದ್ರೆ ಉಕ್ಕಿನ ಹದ ಹೋಯ್ತು. ಸಾಣೆಕಲ್ಲಿಗೆ ನೀರು ಹಾಕಿ ನಿಧಾನಕ್ಕೆ ಮಸೆಯಿರಿ. ಲೋಹಕ್ಕೆ ತೆಳುವಾಗಿ ಮೆಷಿನ್ ಎಣ್ಣೆ, ಹಿಡಿಗೆ ಅಗಸೆ ಎಣ್ಣೆ ಸವರಿ.