ಬೇಸಿಗೆ ಕಲಾ ಶಿಬಿರ: ನಂಬಿದ್ದೇನು, ನಿಜವೇನು?

ದಾವಣಗೆರೆಯನ್ನು ವಿದ್ಯಾನಗರಿ ಎಂದು ಕರೆಯುವವರ ಬಾಯಲ್ಲಿ ಮೊದಲು ಬರುವುದು ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಹೆಸರು. ಅದು ಆರಂಭವಾದದ್ದು 1965ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 1964ರಲ್ಲಿ, ಇದೇ ಊರಿನಲ್ಲಿ ಕಲಾ ಶಾಲೆಯೊಂದು ಬಾಗಿಲು ತೆರೆದಿತ್ತು. ಇಂದಿನ ದೃಶ್ಯಕಲಾ ಮಹಾವಿದ್ಯಾಲಯ ಅದೇ. ಈಗ ಅದು ದಾವಣಗೆರೆ ವಿಶ್ವವಿದ್ಯಾನಿಲಯದ ಭಾಗ. ಆದರೂ ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ ಓದುವ ಮಗ ಅಥವಾ ಮಗಳು ‘ರಜೆಯಲ್ಲಿ ಚಿತ್ರ ಕಲಿಯುತ್ತೇನೆ’ ಎಂದರೆ ಮನೆಯವರಿಗೆ ಎಲ್ಲಿಗೆ ಕಳಿಸಬೇಕೆಂದು ತೋಚುವುದಿಲ್ಲ. ಬ್ಯಾನರ್ ನೋಡಿ, ಫೀಸು ನೋಡಿ, ಪಕ್ಕದ ಮನೆಯವರು ಹೇಳಿದ್ದು ಕೇಳಿ ಸೇರಿಸಿಬಿಡುತ್ತಾರೆ. ಈ ಆಯ್ಕೆಯ ಸುತ್ತ ಬೆಳೆದ ಕೆಲವು ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಒಳ್ಳೆಯ ಶಿಬಿರ ಬೇಕೆಂದರೆ ಬೆಂಗಳೂರಿಗೇ ಹೋಗಬೇಕು

ಸತ್ಯ: ಬೆಂಗಳೂರಿನಲ್ಲಿ 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ, ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ) ಇದೆ. ಎರಡನ್ನೂ ಮಕ್ಕಳಿಗೆ ತೋರಿಸಲೇಬೇಕು. ಆದರೆ ಹದಿನಾರರ ಹುಡುಗಿಗೆ ಮೊದಲು ಬೇಕಾದದ್ದು ಅವಳ ರೇಖೆಯನ್ನು ದಿನವೂ ನೋಡಿ ತಿದ್ದುವ ಒಬ್ಬ ಗುರು, ಹಾಗೂ ಮತ್ತೆ ಮತ್ತೆ ಹೋಗಿ ಕೂತು ಬರೆಯಬಹುದಾದ ಒಂದು ಜಾಗ. ಇವೆರಡೂ ಇಲ್ಲೇ ಸಿಗುತ್ತವೆ. ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿತು ಇಲ್ಲೇ ನೆಲೆಸಿರುವ ಕಲಾವಿದರೂ ಚಿತ್ರಕಲಾ ಶಿಕ್ಷಕರೂ ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ.

ಜಾಗದ ವಿಷಯಕ್ಕೆ ಬಂದರೆ, ಹದಿನಾಲ್ಕು ಕಿಲೋಮೀಟರ್ ಆಚೆ ತುಂಗಭದ್ರೆಯ ದಡದ ಹರಿಹರದಲ್ಲಿ ಹರಿಹರೇಶ್ವರ ದೇವಾಲಯವಿದೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಅದನ್ನು 1224ರ ಸುಮಾರಿಗೆ ಕಟ್ಟಿಸಿದ. 1268ರಲ್ಲಿ ಅದಕ್ಕೆ ಮತ್ತಷ್ಟು ಸೇರಿಸಿದವನು ಸೋಮನಾಥಪುರದ ಗುಡಿಯನ್ನು ಕಟ್ಟಿಸಿದ ಸೋಮ ದಂಡನಾಯಕ. ಅಲ್ಲಿನ ಮಂಟಪದಲ್ಲಿ ಕಡೆದು ನುಣುಪಾಗಿಸಿದ ಕಂಬಗಳ ಸಾಲೇ ಇದೆ. ಒಂದು ಕಂಬದ ಮುಂದೆ ಕೂತರೆ ಸಾಕು: ಕಣ್ಣಿನ ಮಟ್ಟಕ್ಕಿಂತ ಮೇಲಿನ ಉಂಗುರ ಹೇಗೆ ಬಾಗುತ್ತದೆ, ಕೆಳಗಿನದು ಹೇಗೆ ಬಾಗುತ್ತದೆ, ಹೊರಗಿನ ಬಿಸಿಲು ಒಳಗೆ ಬರುತ್ತಾ ಕಲ್ಲಿನ ಮೇಲೆ ಎಷ್ಟು ಹಂತದ ಕಪ್ಪಾಗುತ್ತದೆ ಎಂಬ ಎರಡು ದೊಡ್ಡ ಪಾಠ ಅಲ್ಲೇ ಆಗುತ್ತವೆ. ಗರ್ಭಗುಡಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು ಆಗಿ ನಿಂತ ಒಂದೇ ಮೂರ್ತಿ. ಎರಡು ಬೇರೆ ಬೇರೆ ಲಕ್ಷಣಗಳನ್ನು ಒಂದೇ ದೇಹದಲ್ಲಿ ಶಿಲ್ಪಿ ಹೇಗೆ ಕೂಡಿಸಿದ ಎಂಬುದು ಸಂಯೋಜನೆಯ ಪಾಠ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿ, ಕೊಂಡಜ್ಜಿಯ ಕೆರೆ ಮತ್ತು ಗುಡ್ಡ, ಆನೆಕೊಂಡದ ಈಶ್ವರ ಗುಡಿಯೂ ಹತ್ತಿರದಲ್ಲೇ ಇವೆ. ನಾಲ್ಕು ಗೋಡೆಯೊಳಗೇ ಮುಗಿಯುವ ದುಬಾರಿ ಶಿಬಿರಕ್ಕಿಂತ, ವಾರದಲ್ಲಿ ಎರಡು ದಿನವಾದರೂ ಇಂಥ ಕಡೆ ಕರೆದೊಯ್ಯುವ ಶಿಬಿರ ಮೇಲು.

ತಪ್ಪು ಕಲ್ಪನೆ 2: ಶಿಬಿರದ ಸರ್ಟಿಫಿಕೇಟ್ ಇದ್ದರೆ ಸೀಟು ಸುಲಭ

ಸತ್ಯ: ಯಾವ ದೊಡ್ಡ ಕಲಾ ಅಥವಾ ವಿನ್ಯಾಸ ಸಂಸ್ಥೆಯೂ ಬೇಸಿಗೆ ಶಿಬಿರದ ಪ್ರಮಾಣಪತ್ರ ನೋಡಿ ಸೀಟು ಕೊಡುವುದಿಲ್ಲ. 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಎರಡು ಹಂತಗಳ ಪ್ರವೇಶ ಪರೀಕ್ಷೆ ನಡೆಸುತ್ತದೆ. ಐಐಟಿಗಳ ವಿನ್ಯಾಸ ಪದವಿಗೆ ಐಐಟಿ ಬಾಂಬೆ ನಡೆಸುವ ‘ಯುಸೀಡ್’ ಇದೆ, ಅದರಲ್ಲಿ ಕೈಯಿಂದಲೇ ಚಿತ್ರ ಬರೆಯುವ ಭಾಗವೂ ಇದೆ. ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಹೈಸ್ಕೂಲು ಮಕ್ಕಳಿಗಾಗಿ ನಡೆಸುವ ಬೇಸಿಗೆ ತರಬೇತಿ ಬಹಳ ಪ್ರಸಿದ್ಧ. ಅದಕ್ಕೆ ಹೋಗಿಬಂದವರೂ ಪದವಿಗೆ ಬೇರೆಯಾಗಿಯೇ ಅರ್ಜಿ ಹಾಕಬೇಕು.

ಶಿಬಿರದಿಂದ ಮಗುವಿನ ಜೊತೆ ಉಳಿಯಬೇಕಾದದ್ದು ತುಂಬಿದ ಸ್ಕೆಚ್ ಪುಸ್ತಕ. ಗೀಚಿ ಬಿಟ್ಟದ್ದು, ತಪ್ಪಿ ಮತ್ತೆ ಬರೆದದ್ದು, ಒಂದೇ ಕೈಯನ್ನು ಇಪ್ಪತ್ತು ಕೋನದಿಂದ ಬರೆದದ್ದು ಎಲ್ಲವೂ ಅದರಲ್ಲಿರಬೇಕು. ಮುಂದೆ ಸಂದರ್ಶನದಲ್ಲಿ ಕೂತವರು ಆ ಮಗು ಹೇಗೆ ಯೋಚಿಸುತ್ತದೆ ಎಂದು ತಿಳಿಯುವುದು ಈ ಪುಟಗಳಿಂದಲೇ.

ತಪ್ಪು ಕಲ್ಪನೆ 3: ಮನೆಗೆ ಎಷ್ಟು ಚಿತ್ರ ತಂದರೆ ಅಷ್ಟು ಕಲಿತಂತೆ

ಸತ್ಯ: ಹತ್ತು ದಿನದ ಶಿಬಿರದಲ್ಲಿ ಫ್ರೇಮು ಹಾಕಿದ ಹತ್ತು ಚಿತ್ರ ಬಂದರೆ ಅನುಮಾನ ಪಡಬೇಕು. ಅವು ಮೊಬೈಲಿನಲ್ಲಿ ಸಿಕ್ಕ ಚಿತ್ರದ ನಕಲೋ, ಶಿಕ್ಷಕರೇ ಮುಗಿಸಿಕೊಟ್ಟ ಕೆಲಸವೋ ಆಗಿರುವ ಸಾಧ್ಯತೆಯೇ ಹೆಚ್ಚು. ನಕಲು ಮಾಡುವಾಗ ಬೇರೆ ಯಾರೋ ಆಗಲೇ ನೋಡಿ, ಆರಿಸಿ, ಚಪ್ಪಟೆ ಮಾಡಿಟ್ಟದ್ದನ್ನು ಕೈ ಹಿಂಬಾಲಿಸುತ್ತದೆ, ಕಣ್ಣಿಗೆ ಕೆಲಸವಿರುವುದಿಲ್ಲ. ಎದುರಿಗಿರುವ ಚೊಂಬನ್ನೋ ಮನುಷ್ಯನನ್ನೋ ನೋಡಿ ಬರೆಯುವಾಗ ಅಳತೆ, ಆಳ, ನೆರಳು ಎಲ್ಲವನ್ನೂ ಮಗುವೇ ನಿರ್ಧರಿಸಬೇಕು. ಕಲಿಕೆ ಆಗುವುದು ಆ ನಿರ್ಧಾರಗಳಲ್ಲಿ. ಆದ್ದರಿಂದ ಸೇರಿಸುವ ಮೊದಲು ಹೋದ ವರ್ಷದ ಮಕ್ಕಳ ಕೆಲಸ ತೋರಿಸಲು ಕೇಳಿ. ಮೂವತ್ತು ಮಕ್ಕಳು ಮೂವತ್ತು ಬಗೆಯಲ್ಲಿ ಬರೆದಿದ್ದರೆ ಒಳ್ಳೆಯ ಗುರುತು. ಮೂವತ್ತೂ ಒಂದೇ ಸೂರ್ಯಾಸ್ತವಾದರೆ ಬೇರೆ ಕಡೆ ನೋಡಿ.

ತಪ್ಪು ಕಲ್ಪನೆ 4: ಸೆಕೆಂಡ್ ಪಿಯುಸಿ ಮುಗಿದ ಮೇಲೆ ನೋಡಿದರಾಯಿತು

ಸತ್ಯ: ಹೆಚ್ಚು ಮಕ್ಕಳು ಅವಕಾಶ ಕಳೆದುಕೊಳ್ಳುವುದು ಈ ಒಂದು ನಂಬಿಕೆಯಿಂದ. ಎನ್‌ಐಡಿಯ ಮೊದಲ ಹಂತದ ಪರೀಕ್ಷೆಯೂ ಯುಸೀಡ್ ಕೂಡ ಸಾಮಾನ್ಯವಾಗಿ ನಡೆಯುವುದು ಚಳಿಗಾಲದಲ್ಲಿ, ಅಂದರೆ ವಿದ್ಯಾರ್ಥಿ ಇನ್ನೂ ಸೆಕೆಂಡ್ ಪಿಯುಸಿಯಲ್ಲಿ ಓದುತ್ತಿರುವಾಗಲೇ. ಅರ್ಜಿಯ ದಿನಾಂಕ ಅದಕ್ಕೂ ಮೊದಲೇ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ಶಿಬಿರಕ್ಕೆ ಸೇರಿ ಆ ವರ್ಷದ ಪರೀಕ್ಷೆಗೆ ತಯಾರಾಗಲು ಆಗುವುದಿಲ್ಲ. ಹಾಗಾಗಿ ಎಸ್ಸೆಸ್ಸೆಲ್ಸಿ ನಂತರದ ಬೇಸಿಗೆ ‘ನನಗೆ ಇದು ನಿಜವಾಗಿ ಬೇಕೇ’ ಎಂದು ತಿಳಿಯಲು, ಫಸ್ಟ್ ಪಿಯುಸಿ ನಂತರದ ಬೇಸಿಗೆ ಗಟ್ಟಿಯಾಗಿ ಅಭ್ಯಾಸ ಮಾಡಲು. ಪಿಯುಸಿ ನಂತರ ಸೇರಬಹುದಾದ ನಾಲ್ಕು ವರ್ಷದ ದೃಶ್ಯಕಲಾ ಪದವಿಗೆ (ಬಿವಿಎ) ಮಾತ್ರ ಕೊನೆಯ ಬೇಸಿಗೆಯೂ ಉಪಯೋಗಕ್ಕೆ ಬರುತ್ತದೆ. ಹೈಸ್ಕೂಲಿನಲ್ಲಿರುವಾಗಲೇ ರಾಜ್ಯದ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಬರೆಸಿದರೆ ಅಡಿಪಾಯ ಇನ್ನೂ ಬೇಗ ಬೀಳುತ್ತದೆ.

ತಪ್ಪು ಕಲ್ಪನೆ 5: ಸೈನ್ಸ್ ತೆಗೆದುಕೊಂಡವರಿಗೆ ಚಿತ್ರಕಲೆ ಯಾಕೆ?

ಸತ್ಯ: ಎನ್‌ಐಡಿಗೂ ಯುಸೀಡ್‌ಗೂ ವಿಜ್ಞಾನ, ವಾಣಿಜ್ಯ, ಕಲೆ ಯಾವ ವಿಭಾಗದವರೂ ಬರೆಯಬಹುದು. ವಾಸ್ತುಶಿಲ್ಪ ಪದವಿಗೆ ಮಾತ್ರ ನಿಯಮ ಬೇರೆ: ‘ನಾಟಾ’ದಂಥ ಪ್ರವೇಶ ಪರೀಕ್ಷೆಯ ಜೊತೆಗೆ ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. ಕಟ್ಟಡ ವಿನ್ಯಾಸದ ಆಸೆಯಿರುವ ಮಗು ಚಿತ್ರಕಲೆಗೆಂದು ಗಣಿತ ಬಿಟ್ಟರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರದಲ್ಲಿ ಅವಸರದಿಂದ ವಿಷಯ ಆರಿಸುವ ಮೊದಲು ಮನೆಮಂದಿ ಕೂತು ಮಾತಾಡಬೇಕಾದ ಸಂಗತಿ ಇದು.

ತಪ್ಪು ಕಲ್ಪನೆ 6: ಫೀಸು ಹೆಚ್ಚಿದ್ದರೆ ಪಾಠವೂ ಚೆನ್ನಾಗಿರುತ್ತದೆ

ಸತ್ಯ: ಚಿತ್ರ ಕಲಿಯಲು ಪೆನ್ಸಿಲ್, ಇದ್ದಿಲು, ಹಾಳೆಯ ಕಟ್ಟು, ಜಲವರ್ಣದ ಒಂದು ಪೆಟ್ಟಿಗೆ ಸಾಕು. ಫೀಸಿನ ಹಣ ಏರ್ ಕಂಡೀಷನರಿಗೆ ಹೋಗುತ್ತದೋ ಶಿಕ್ಷಕರಿಗೆ ಹೋಗುತ್ತದೋ ಎಂದು ನೋಡಿ. ಸೇರಿಸುವ ಮೊದಲು ಇಷ್ಟು ಕೇಳಿ: ಕಲಿಸುವವರು ಯಾರು, ಅವರದೇ ಕೆಲಸ ನೋಡಬಹುದೇ? ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ದಿನಕ್ಕೆ ಎಷ್ಟು ಗಂಟೆ ಮಕ್ಕಳು ತಾವೇ ಬರೆಯುತ್ತಾರೆ? ದಿನದ ಕೊನೆಗೆ ಎಲ್ಲರ ಕೆಲಸ ಗೋಡೆಗೆ ಹಾಕಿ ಚರ್ಚೆ ಮಾಡುತ್ತಾರೆಯೇ? ಹೊರಗೆ ಹೋದರೆ ಜೊತೆಗೆ ಯಾರಿರುತ್ತಾರೆ, ಹೆಣ್ಣುಮಕ್ಕಳ ಹೊಣೆ ಯಾರದು? ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಹೊರಗಿನ ಅಭ್ಯಾಸ ಬೆಳಿಗ್ಗೆ ಹತ್ತರೊಳಗೆ ಮುಗಿಯುವಂತಿರಬೇಕು. ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡದ ಶಿಬಿರ ಎಷ್ಟೇ ಹೆಸರುವಾಸಿಯಾದರೂ ಬೇಡ.

ಕೊನೆಯದಾಗಿ ಪೋಷಕರಲ್ಲಿ ಒಂದು ಮನವಿ. ಈ ಬೇಸಿಗೆ ಹಣ ಕಟ್ಟುವ ಮೊದಲು ಒಂದು ದಿನ ಮಕ್ಕಳನ್ನು ದೃಶ್ಯಕಲಾ ಮಹಾವಿದ್ಯಾಲಯಕ್ಕೆ ಕರೆದುಕೊಂಡು ಹೋಗಿ, ಅಲ್ಲಿನ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಮಾತಾಡಿಸಿ, ಶಿಬಿರಗಳ ಬಗ್ಗೆ ಅವರನ್ನೇ ವಿಚಾರಿಸಿ. ಇನ್ನೊಂದು ಬೆಳಿಗ್ಗೆ ಹರಿಹರದ ಬಸ್ಸು ಹತ್ತಿ, ಮಗುವಿನ ಕೈಗೆ ಹಾಳೆ ಕೊಟ್ಟು ಎರಡು ಗಂಟೆ ಗುಡಿಯ ಅಂಗಳದಲ್ಲಿ ಬಿಡಿ. ಬೇಸರಪಡದೆ ಕೂತು ಬರೆದರೆ ಆ ಮಗುವಿಗೆ ಶಿಬಿರ ಹುಡುಕುವುದು ನಿಮ್ಮ ಕರ್ತವ್ಯ. ಬೇಡವೆಂದರೆ ಅದನ್ನೂ ಗೌರವಿಸಿ, ಒತ್ತಾಯದಿಂದ ಸೇರಿಸಬೇಡಿ.